ಮೀನಿನ ತೊಟ್ಟಿಯ ಮೇಲೆ ಸೇವಂತಿಗೆ: ಎಲೆಗೆ ಕೊರತೆಯಿಲ್ಲ, ಹೂವೇ ಇಲ್ಲ

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ನಮಸ್ಕಾರ ಮೇಡಂ. ತಾರಸಿಯ ಮೇಲೆ ನಾನೇ ಜೋಡಿಸಿದ ಅಕ್ವಾಪೋನಿಕ್ಸ್ ಇದೆ, ಅಂದರೆ ಮೀನು ಸಾಕಿದ ನೀರಿನಲ್ಲೇ ಮಣ್ಣಿಲ್ಲದೆ ಗಿಡ ಬೆಳೆಸುವ ವ್ಯವಸ್ಥೆ. ಕೆಳಗೆ 200 ಲೀಟರಿನ ನೀಲಿ ಡ್ರಮ್ಮು, ಅದರಲ್ಲಿ ಆರು ಗೋಲ್ಡ್‌ಫಿಶ್. ಮೇಲೆ ಕಡಿ ತುಂಬಿದ ಪ್ಲಾಸ್ಟಿಕ್ ತೊಟ್ಟಿ. ಕೂಲರಿನ ಪಂಪು ನೀರನ್ನು ಮೇಲಕ್ಕೆ ಕಳಿಸುತ್ತದೆ, ತೊಟ್ಟಿ ತುಂಬಿದ ಕೂಡಲೇ ಬೆಲ್ ಸೈಫನ್ ಅದನ್ನು ಇಳಿಸುತ್ತದೆ. ಮಳೆಗಾಲದಲ್ಲಿ ಚೆಂಡು ಹೂವಿನ ಮತ್ತು ಸೇವಂತಿಗೆಯ ಸಸಿ ನೆಟ್ಟೆ. ಚೆಂಡು ಹೂವಿನ ಗಿಡ ಸೊಂಟದೆತ್ತರ ಬೆಳೆದಿದೆ, ಹೂವು ಮಾತ್ರ ಬೆರಳೆಣಿಕೆಯಷ್ಟು. ಸೇವಂತಿಗೆಯ ಚಿಗುರೆಲೆ ಹಳದಿಯಾಗಿದೆ, ಮೊಗ್ಗಿನ ಸುಳಿವೇ ಇಲ್ಲ. ಪಕ್ಕದ ಮನೆಯ ಕುಂಡಗಳಲ್ಲಿ ದೀಪಾವಳಿಯಿಂದ ಹೂವು ತುಂಬಿದೆ. ಪರೀಕ್ಷಾ ಕಿಟ್ಟಿನಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8, ನೈಟ್ರೇಟ್ 80, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ. ಗೊಬ್ಬರ ಹಾಕಬಹುದೇ?

ಉತ್ತರ: ಸರ್, ಅಮೋನಿಯಾ ಸೊನ್ನೆಯಿದ್ದು ನೈಟ್ರೇಟ್ 80 ಇದೆ ಎಂದರೆ ನಿಮ್ಮ ಕಡಿಯಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿವೆ. ಮೀನು ಬಿಡುವ ಅಮೋನಿಯಾವನ್ನು ಒಂದು ಗುಂಪು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಗಿಡಕ್ಕೆ ಸಾರಜನಕ ಬೇಕಾದಷ್ಟು ಸಿಗುತ್ತಿದೆ, ಅದಕ್ಕೇ ಚೆಂಡು ಹೂವು ಎಲೆ ಬಿಡುವುದರಲ್ಲೇ ಮೈಮರೆತಿದೆ. ಮೀನಿನ ಆಹಾರದಲ್ಲಿ ಕಡಿಮೆ ಇರುವುದು ಪೊಟ್ಯಾಷ್ ಮತ್ತು ಕಬ್ಬಿಣ. ಸೊಪ್ಪು ಬೆಳೆಯುವವರು ಇದನ್ನು ಗಮನಿಸದೆ ದಾಟಿಬಿಡಬಹುದು. ಹೂವು ಬೆಳೆಯುವವರಿಗೆ ಆ ಸೌಕರ್ಯವಿಲ್ಲ.

ಸಲಹೆ ಹೇಳುವ ಮೊದಲು ನನಗೆ ಮೂರು ವಿಷಯ ತಿಳಿಯಬೇಕು. ಹಳದಿ ಎಲೆಯಲ್ಲಿ ನರಗಳು ಹಸಿರಾಗಿಯೇ ಇವೆಯೇ? ಒಂದು ಹಿಡಿ ಕಡಿಯನ್ನು ತೊಳೆದು ಒಣಗಿಸಿ ವಿನೆಗರ್ ಸುರಿದರೆ ಗುಳ್ಳೆ ಏಳುತ್ತದೆಯೇ? ರಾತ್ರಿ ಆ ಗಿಡದ ಮೇಲೆ ಯಾವುದಾದರೂ ದೀಪದ ಬೆಳಕು ಬೀಳುತ್ತದೆಯೇ?

ವಿದ್ಯಾನಗರ: ನರ ಹಸಿರಾಗಿವೆ. ಗುಳ್ಳೆ ಚೆನ್ನಾಗಿಯೇ ಎದ್ದವು. ದೀಪದ ಪ್ರಶ್ನೆ ಏಕೆಂದು ತಿಳಿಯಲಿಲ್ಲ. ಮೆಟ್ಟಿಲ ಬಾಗಿಲ ಮೇಲೆ ಎಲ್‌ಇಡಿ ಇದೆ, ಕಳ್ಳರ ಭಯಕ್ಕೆ ಬೆಳಗಿನವರೆಗೂ ಉರಿಯುತ್ತದೆ.

ಉತ್ತರ: ನಿಮ್ಮ ಸೇವಂತಿಗೆಗೆ ಮೊಗ್ಗು ಬಾರದಿರುವುದು ಆ ದೀಪದಿಂದ. ಸೇವಂತಿಗೆ ಹಗಲು ಚಿಕ್ಕದಾಗಿ ರಾತ್ರಿ ದೊಡ್ಡದಾದಾಗ ಹೂವಿಗೆ ತಿರುಗುವ ಗಿಡ. ಅದು ಲೆಕ್ಕ ಇಡುವುದು ಕತ್ತಲೆಯನ್ನು. ರಾತ್ರಿಯಿಡೀ ಬೆಳಕು ಬಿದ್ದರೆ ಗಿಡಕ್ಕೆ ಇನ್ನೂ ಬೇಸಿಗೆಯೇ ನಡೆದಿದೆ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಸಾಲು ಸಾಲಾಗಿ ಬಲ್ಬು ಉರಿಸುವುದು ಇದೇ ಉಪಾಯಕ್ಕೆ. ಹೂವನ್ನು ತಡೆದು, ಗಿಡವನ್ನು ಬೆಳೆಸಿ, ದರ ಸಿಗುವ ಹೊತ್ತಿಗೆ ಅರಳಿಸಿಕೊಳ್ಳುತ್ತಾರೆ. ನೀವು ಪುಕ್ಕಟೆಯಾಗಿ ಅದನ್ನೇ ಮಾಡಿದ್ದೀರಿ. ದೀಪವನ್ನು ಬೇರೆ ದಿಕ್ಕಿಗೆ ತಿರುಗಿಸಿ. ಆಗದಿದ್ದರೆ ಸಂಜೆ ಆರಕ್ಕೆ ಗಿಡಕ್ಕೆ ದಪ್ಪ ಕಪ್ಪು ಬಟ್ಟೆ ಹೊದಿಸಿ ಬೆಳಿಗ್ಗೆ ಏಳಕ್ಕೆ ತೆಗೆಯಿರಿ, ಮೊಗ್ಗು ಕಾಣುವವರೆಗೆ ಒಂದು ರಾತ್ರಿಯೂ ತಪ್ಪಿಸಬೇಡಿ. ಇಂದೇ ಆರಂಭಿಸಿದರೂ ಅರಳಲು ಎರಡು ತಿಂಗಳಿಗಿಂತ ಹೆಚ್ಚು ಬೇಕು, ಆದ್ದರಿಂದ ಸಂಕ್ರಾಂತಿ ಕಳೆದ ಮೇಲೆ ನೋಡಿ. ಇನ್ನು ಮುಂದೆ ಚಿಗುರನ್ನು ಚಿವುಟಬೇಡಿ, ಆ ಕೆಲಸದ ಕಾಲ ಮುಗಿದಿದೆ.

ಎಲೆಯ ಹಳದಿ ಬೇರೆ ಕಥೆ. ಗುಳ್ಳೆ ಎದ್ದಿತೆಂದರೆ ಕಡಿಯಲ್ಲಿ ಸುಣ್ಣಕಲ್ಲಿದೆ. ಅದು ನೀರಿನಲ್ಲಿ ಸದಾ ಕರಗುತ್ತ ಪಿಎಚ್ ಇಳಿಯಲು ಬಿಡುವುದಿಲ್ಲ. ಪಿಎಚ್ ಏಳೂವರೆ ದಾಟಿದರೆ ನೀರಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗದು. ಕಬ್ಬಿಣದ ಕೊರತೆ ಮೊದಲು ತೋರುವುದು ಎಳೆಯ ಎಲೆಯಲ್ಲಿ: ನರ ಹಸಿರು, ನಡುವೆ ಹಳದಿ. ಸಾಧಾರಣ ಕಬ್ಬಿಣದ ಸಲ್ಫೇಟ್ ಇಲ್ಲಿ ನಿಷ್ಪ್ರಯೋಜಕ. ಇಡಿಡಿಎಚ್‌ಎ ರೂಪದ ಚೀಲೇಟೆಡ್ ಕಬ್ಬಿಣ (ನೀರಿನಲ್ಲಿ ಕರಗಿಯೇ ಇರುವಂತೆ ಹಿಡಿದಿಟ್ಟ ಕಬ್ಬಿಣ) ಎಂದೇ ಕೇಳಿ ತನ್ನಿರಿ. ಅಂಗಡಿಯಲ್ಲಿ ಇನ್ನೊಂದು ರೂಪವಾದ ಇಡಿಟಿಎ ಕೊಟ್ಟು ಎರಡೂ ಒಂದೇ ಎನ್ನುವವರಿದ್ದಾರೆ, ನಿಮ್ಮ ಪಿಎಚ್‌ಗೆ ಅದು ನಿಲ್ಲುವುದಿಲ್ಲ. ಶೇಕಡಾ 6 ಕಬ್ಬಿಣವಿರುವ ಪುಡಿಯಾದರೆ 200 ಲೀಟರಿಗೆ 6ರಿಂದ 7 ಗ್ರಾಂ ಸಾಕು, ಮೂರು ವಾರಕ್ಕೊಮ್ಮೆ. ಹಾಕಿದ ದಿನ ನೀರು ಕುಂಕುಮ ಕದಡಿದಂತೆ ಕೆಂಪಾಗುತ್ತದೆ. ಗಾಬರಿಯಾಗಿ ನೀರು ಚೆಲ್ಲಬೇಡಿ, ಆ ಬಣ್ಣ ಮೀನಿಗೆ ಕೇಡಲ್ಲ.

ಕಡಿಯನ್ನು ಬದಲಿಸಲೇಬೇಕು, ಒಂದೇ ದಿನ ಅಲ್ಲ. ಬ್ಯಾಕ್ಟೀರಿಯಾ ಇರುವುದೇ ಅದರ ಮೈಮೇಲೆ. ಈಗ ಅರ್ಧ ತೆಗೆಯಿರಿ, ಒಂದೂವರೆ ತಿಂಗಳು ಬಿಟ್ಟು ಉಳಿದರ್ಧ. ಬದಲಿಗೆ ಹಳೆಯ ಮಂಗಳೂರು ಹಂಚಿನ ಚೂರು ಹಾಕಿ. ಧಾರವಾಡದಲ್ಲಿ ಹಳೆಯ ಮನೆ ಕೆಡವುವ ಕಡೆ ಕೇಳಿದರೆ ಸಿಗುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಗಾತ್ರಕ್ಕೆ ಒಡೆದು, ಗಾರೆ ಅಂಟಿದ ಚೂರುಗಳನ್ನು ಆರಿಸಿ ಎಸೆದು, ಧೂಳು ಹೋಗುವವರೆಗೆ ತೊಳೆಯಿರಿ. ಗಾರೆಯೂ ಸುಣ್ಣವೇ ಎಂಬುದನ್ನು ಮರೆಯಬೇಡಿ. ಸುಣ್ಣ ಹೋದ ಮೇಲೆ ಪಿಎಚ್ ತಾನಾಗಿಯೇ ಇಳಿಯುತ್ತದೆ, ಏಕೆಂದರೆ ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. 6.8ರಿಂದ 7.2ರ ನಡುವೆ ನಿಂತರೆ ಮೀನು, ಬ್ಯಾಕ್ಟೀರಿಯಾ, ಗಿಡ ಮೂರಕ್ಕೂ ನಡೆಯುತ್ತದೆ. ಅವಸರಕ್ಕೆ ಲಿಂಬೆಹಣ್ಣು ಹಿಂಡಬೇಡಿ.

ಪೊಟ್ಯಾಷ್‌ಗೆ ಸಲ್ಫೇಟ್ ಆಫ್ ಪೊಟ್ಯಾಷ್ 10 ಗ್ರಾಂ, ಒಂದು ಚೊಂಬು ನೀರಿನಲ್ಲಿ ಪೂರ್ತಿ ಕರಗಿಸಿ ಡ್ರಮ್ಮಿಗೆ, ತಿಂಗಳಿಗೊಮ್ಮೆ. ಚೆಂಡು ಹೂವಿನ ಗಿಡಗಳು ಒತ್ತೊತ್ತಾಗಿದ್ದರೆ ಕೆಲವನ್ನು ಕಿತ್ತು ಬಿಸಿಲು ಬೀಳುವಂತೆ ಮಾಡಿ.

ಪ್ರಶ್ನೆ (ನವನಗರ, ಹುಬ್ಬಳ್ಳಿ): ಇಷ್ಟೆಲ್ಲ ಏಕೆ ಮೇಡಂ, ಒಂದು ಚಮಚ 19:19:19 ರಸಗೊಬ್ಬರ ಹಾಕಿದರೆ ಆಗದೇ? ಅಥವಾ ಜೀವಾಮೃತ?

ಉತ್ತರ: ಕುಂಡಕ್ಕಾದರೆ ಧಾರಾಳವಾಗಿ ಹಾಕಿ. 19:19:19ರಲ್ಲಿ ಯೂರಿಯಾ ಮತ್ತು ಅಮೋನಿಯಂ ಇದೆ. ಪಿಎಚ್ 8ರ ನೀರಿನಲ್ಲಿ ಅಮೋನಿಯಾ ವಿಷವಾಗುವುದು ಬಹಳ ಬೇಗ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಜೀವಾಮೃತ ಹೊಲಕ್ಕೆ ಒಳ್ಳೆಯದು, ಮುಚ್ಚಿದ ತೊಟ್ಟಿಗೆ ಸುರಿದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ.

ಪ್ರಶ್ನೆ (ಬೆಟಗೇರಿ, ಗದಗ): ನಮ್ಮ ಬೋರ್‌ವೆಲ್ ನೀರು ಸವಳು. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 1500ರ ಮೇಲಿದೆ. ಇದರಲ್ಲಿ ಹೂವು ಬಂದೀತೇ ಅಕ್ಕಾ?

ಉತ್ತರ: ಅಣ್ಣಾ, ಗೋಲ್ಡ್‌ಫಿಶ್ ತಡೆದುಕೊಳ್ಳುತ್ತದೆ, ಸೇವಂತಿಗೆ ತಡೆದುಕೊಳ್ಳುವುದಿಲ್ಲ. ಇನ್ನೊಂದು ತೊಡಕಿದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಕಡಿಮೆಯಾದಷ್ಟು ಮತ್ತೆ ಸವಳು ನೀರನ್ನೇ ತುಂಬುತ್ತ ಹೋದರೆ ಬೇಸಿಗೆಯ ಹೊತ್ತಿಗೆ ತೊಟ್ಟಿಯ ನೀರು ಬೋರ್‌ವೆಲ್ಲಿಗಿಂತ ಸವಳಾಗಿರುತ್ತದೆ. ತಾರಸಿಯ ಮಳೆನೀರನ್ನು ಸಿಂಟೆಕ್ಸಿನಲ್ಲಿ ಹಿಡಿದಿಡಲು ಸಾಧ್ಯವಿದ್ದರೆ ಮಾತ್ರ ಕೈ ಹಾಕಿ. ನಲ್ಲಿ ನೀರು ಬಳಸುವುದಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ತುಂಬಿ.

ಪ್ರಶ್ನೆ (ಮಾಳಮಡ್ಡಿ, ಧಾರವಾಡ): ನನಗೆ ಬೇಕಾದದ್ದು ದೇವರ ಪೂಜೆಗೆ ಮಲ್ಲಿಗೆ. ಮೀನಿನ ಹೊಲಸು ನೀರಿನಲ್ಲಿ ಬೆಳೆದ ಹೂವನ್ನು ಏರಿಸಬಹುದೇ ಎಂದು ನಮ್ಮ ಅತ್ತೆಯವರು ಕೇಳುತ್ತಿದ್ದಾರೆ. ಮಗ ನಗುತ್ತಾನೆ, ನನಗೂ ಅನುಮಾನ.

ಉತ್ತರ: ಗುಡಿಯ ಕಲ್ಯಾಣಿಯಲ್ಲಿ ಮೀನಿಗೆ ಚುರುಮುರಿ ಹಾಕಿ, ಅದೇ ನೀರನ್ನು ತಲೆಗೆ ಚಿಮುಕಿಸಿಕೊಂಡು ಬರುವವರು ನಾವು. ಕುಂಡದ ಹೂವು ಸಗಣಿ ಗೊಬ್ಬರದಲ್ಲಿ ಬೆಳೆದದ್ದಲ್ಲವೇ? ಆದರೂ ಅತ್ತೆಯವರ ಮನಸ್ಸಿಗೆ ಒಗ್ಗದಿದ್ದರೆ ವಾದ ಮಾಡಬೇಡಿ, ಆ ಹೂವನ್ನು ನೀವು ಮುಡಿದುಕೊಳ್ಳಿ.

ಮಲ್ಲಿಗೆಯನ್ನು ಮಾತ್ರ ಕಡಿಯ ತೊಟ್ಟಿಯಲ್ಲಿ ನೆಡಬೇಡಿ ಅಮ್ಮಾ. ಅದರ ಬೇರಿಗೆ ಸದಾ ಒದ್ದೆ ಆಗಿಬರುವುದಿಲ್ಲ, ಹೂವು ಬಿಡಲು ನಡುವೆ ಸ್ವಲ್ಪ ಒಣಗಬೇಕು. ಮಣ್ಣಿನ ಕುಂಡದಲ್ಲೇ ಇರಲಿ. ಡ್ರಮ್ಮಿನ ತಳದಲ್ಲಿ ಕೂಡುವ ಕಂದು ಬಗ್ಗಡವನ್ನು ವಾರಕ್ಕೊಮ್ಮೆ ಪೈಪಿನಿಂದ ಎಳೆದು ಅದರ ಬುಡಕ್ಕೆ ಹಾಕಿ.

ಪ್ರಶ್ನೆ (ಹಾವೇರಿ): ಕರೆಂಟು ಹೋದರೆ ಮೀನು ಎಷ್ಟು ಹೊತ್ತು ಬದುಕುತ್ತವೆ? ಮತ್ತು ಸೇವಂತಿಗೆಗೆ ಸಸ್ಯಹೇನು ಬಂದಿದೆ, ಏನು ಸಿಂಪಡಿಸಲಿ?

ಉತ್ತರ: ನೀರು ಎಷ್ಟು ಬಿಸಿಯಿದೆ, ಮೀನು ಎಷ್ಟಿವೆ ಎಂಬುದರ ಮೇಲೆ ಹೋಗುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಆದ್ದರಿಂದ ಏಪ್ರಿಲ್ ಮಧ್ಯಾಹ್ನ ಹೋದ ಕರೆಂಟು ಡಿಸೆಂಬರಿನದಕ್ಕಿಂತ ಅಪಾಯ. ನೀರಿಗೆ ಗಾಳಿ ಊದುವ ಬ್ಯಾಟರಿಯ ಏರೇಟರ್ ಒಂದನ್ನು ಇಟ್ಟುಕೊಳ್ಳಿ, ಕರೆಂಟು ಬರುವವರೆಗೆ ಆಹಾರ ಹಾಕಬೇಡಿ. 18 ವಾಟಿನ ಪಂಪು ಹಗಲಿರುಳು ಓಡಿದರೂ ತಿಂಗಳಿಗೆ 13 ಯೂನಿಟ್, ಉಳಿತಾಯಕ್ಕೆಂದು ರಾತ್ರಿ ನಿಲ್ಲಿಸುವ ಲೆಕ್ಕಾಚಾರ ಬೇಡ.

ಸಸ್ಯಹೇನಿಗೆ ಏನನ್ನೂ ಸಿಂಪಡಿಸಬೇಡಿ. ಸೈಪರ್‌ಮೆಥ್ರಿನ್ ಎಂಬ ಕೀಟನಾಶಕ ತೊಟ್ಟಿಗೆ ಹನಿ ಬಿದ್ದರೂ ಮೀನು ಉಳಿಯುವುದಿಲ್ಲ, ತಾಮ್ರದ ಶಿಲೀಂಧ್ರನಾಶಕವೂ ಹಾಗೆಯೇ. ಬೇವಿನೆಣ್ಣೆ, ಸಾಬೂನು ನೀರನ್ನೂ ಈ ತೊಟ್ಟಿಯ ಮೇಲೆ ನಾನು ಒಪ್ಪುವುದಿಲ್ಲ. ಹೇನು ಮುತ್ತಿದ ತುದಿಯನ್ನು ಚೀಲದೊಳಗೆ ಬಗ್ಗಿಸಿ ಕತ್ತರಿಸಿ, ಉಳಿದದ್ದನ್ನು ಜೋರು ನೀರಿನಿಂದ ಬೆಳಿಗ್ಗೆ ತೊಳೆಯಿರಿ. ನಾಲ್ಕೈದು ದಿನ ಬಿಡದೆ ಮಾಡಿದರೆ ಹತೋಟಿಗೆ ಬರುತ್ತದೆ. ಓಣಿಯಲ್ಲಿ ಸೊಳ್ಳೆಗೆ ಹೊಗೆ ಬಿಡುವ ದಿನ ಡ್ರಮ್ಮು ಮತ್ತು ತೊಟ್ಟಿ ಎರಡನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಅದರಲ್ಲಿಯೂ ಮೀನಿಗೆ ವಿಷವಾಗುವ ಕೀಟನಾಶಕ ಇರುತ್ತದೆ.