ಚರ್ಚಾಸ್ಪರ್ಧೆ: ‘ಪ್ರಜೆಗಳ ನಡತೆಯೇ ನಾಡಿನ ಹಿರಿಮೆಗೆ ಬುನಾದಿ’ – ಗಟ್ಟಿ ಆಧಾರ ಯಾವುದಿದೆ?

ಪಿಯು_ಚರ್ಚಾಬಳಗ:
ನಮ್ಮ ಮಕ್ಕಳು ಪರವಾಗಿ ಮಾತಾಡಬೇಕು, ತಲಾ 4 ನಿಮಿಷ. ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅದು ಬೇಡ ಅನಿಸುತ್ತಿದೆ. ಎದುರು ತಂಡದವರು ‘ನಡತೆ ಗಿಡತೆ ಏನಿಲ್ಲ, ಕಾನೂನು ಬಿಗಿಯಾಗಿದ್ದರೆ ಸಾಕು’ ಅಂದರೆ ಏನು ಉತ್ತರ ಕೊಡುವುದು?

ಲೆಕ್ಕಿಗ:
ಮೇಣದಬತ್ತಿ ಬಿಟ್ಟಿದ್ದು ಒಳ್ಳೆಯದಾಯಿತು. ಸರ್ಕಾರಿ ಕೆಲಸಕ್ಕೊಂದು, ಸ್ವಂತಕ್ಕೊಂದು ಎನ್ನುವ ಆ ದೀಪ ಚಾಣಕ್ಯನ ಮನೆಯಲ್ಲೂ ಉರಿಯುತ್ತದೆ, ಖಲೀಫ ಎರಡನೇ ಉಮರ್ ಮನೆಯಲ್ಲೂ ಉರಿಯುತ್ತದೆ! ತೀರ್ಪುಗಾರರು ಆಧಾರ ಕೇಳಿದರೆ ಮಕ್ಕಳು ಕಣ್ಣು ಕಣ್ಣು ಬಿಡಬೇಕಾಗುತ್ತದೆ.

ನ್ಯೂಯಾರ್ಕಿನ ಪಾರ್ಕಿಂಗ್ ದಂಡದ ಲೆಕ್ಕ ಹಿಡಿಯಿರಿ. ವಿಶ್ವಸಂಸ್ಥೆಗೆ ಬಂದ ರಾಜತಾಂತ್ರಿಕರು ಎಲ್ಲೆಂದರಲ್ಲಿ ಕಾರು ನಿಲ್ಲಿಸಿದರೂ ದಂಡ ವಸೂಲಿ ಮಾಡುವಂತಿರಲಿಲ್ಲ. ಊರು ಒಂದೇ, ನಿಯಮ ಒಂದೇ, ಶಿಕ್ಷೆ ಯಾರಿಗೂ ಇಲ್ಲ. ಫಿಸ್ಮನ್, ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು 1997ರಿಂದ 2002ರವರೆಗಿನ ದಾಖಲೆ ತೆಗೆದು ನೋಡಿದರೆ ದಂಡ ಕಟ್ಟದ ಚೀಟಿಗಳೇ 1,50,000ಕ್ಕೂ ಹೆಚ್ಚು. ಕುವೈತಿನವರದು ವರ್ಷಕ್ಕೆ ತಲಾ ಸುಮಾರು 250. ಸ್ವೀಡನ್, ನಾರ್ವೆಯವರದು ಸೊನ್ನೆ. ಹೇಳುವವರು ಕೇಳುವವರು ಇಲ್ಲದ ಕಡೆಯೂ ಅವರವರ ನಾಡಿನ ರೂಢಿ ಬೆನ್ನಿಗೆ ಬಂತು.

ಒಂದು ಅಪಾಯ ಇದೆ. 2002ರ ಕೊನೆಯಲ್ಲಿ, ಬಾಕಿ ಉಳಿಸಿಕೊಂಡವರ ನಂಬರ್ ಪ್ಲೇಟ್ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಸಿಕ್ಕಿತು. ಕಟ್ಟದ ಚೀಟಿ ಶೇ 98ರಷ್ಟು ಇಳಿಯಿತು. ಎದುರಿನವರು ಇದನ್ನು ಎತ್ತುವ ಮೊದಲು ನೀವೇ ಹೇಳಿಬಿಡಿ.

ಬೇಲಿಹೊಲ:
ಅದಕ್ಕೆ ಜೋಡಿಯಾಗಿ ಹಾಂಗ್‌ಕಾಂಗ್ ಇಟ್ಟುಕೊಳ್ಳಿ. ಬಿಗಿ ಕಾನೂನು ಅಲ್ಲಿ 1971ರಲ್ಲೇ ಇತ್ತು: ಸಂಬಳಕ್ಕೆ ಮೀರಿದ ಆಸ್ತಿಗೆ ಸರ್ಕಾರಿ ನೌಕರನೇ ಲೆಕ್ಕ ಕೊಡಬೇಕು. ಜಾರಿ ಮಾಡಬೇಕಾದವರು ಯಾರು? ಪೊಲೀಸರು. ಬೇಲಿಯೇ ಎದ್ದು ಹೊಲ ಮೇಯಿತು. 1973ರಲ್ಲಿ ಪೀಟರ್ ಗಾಡ್ಬರ್ ಎಂಬ ಹಿರಿಯ ಪೊಲೀಸ್ ಅಧಿಕಾರಿ, ತನಿಖೆ ನಡೆಯುತ್ತಿರುವಾಗಲೇ, ವಿಮಾನ ನಿಲ್ದಾಣದ ತನ್ನ ಪೊಲೀಸ್ ಪಾಸ್ ತೋರಿಸಿ ಇಂಗ್ಲೆಂಡಿಗೆ ಹಾರಿದ.

ಜನ ಬೀದಿಗಿಳಿದರು. 1974ರ ಫೆಬ್ರವರಿಯಲ್ಲಿ ಪೊಲೀಸರ ಹಿಡಿತದಿಂದ ಹೊರಗೆ ಐಸಿಎಸಿ ಎಂಬ ಸ್ವತಂತ್ರ ಭ್ರಷ್ಟಾಚಾರ ತಡೆ ಆಯೋಗ ಹುಟ್ಟಿತು. ಅದಕ್ಕೆ ಮೂರು ವಿಭಾಗ: ತನಿಖೆಯದೊಂದು, ಕಚೇರಿಗಳ ಕೆಲಸದ ಕ್ರಮದಲ್ಲಿ ಲಂಚ ನುಸುಳುವ ಸಂದು ಮುಚ್ಚುವುದೊಂದು, ಜನರ ನಡುವೆ, ಶಾಲೆಗಳಲ್ಲಿ ‘ಲಂಚ ಮಾಮೂಲು’ ಅನ್ನುವ ಮನಸ್ಸು ಬದಲಿಸುವುದು ಇನ್ನೊಂದು. ನಿಮ್ಮ ತಂಡಕ್ಕೆ ಬೇಕಾದದ್ದು ಈ ಮೂರನೆಯದು. ದಾರಿ ಸಲೀಸಾಗಿರಲಿಲ್ಲ, 1977ರಲ್ಲಿ ಪೊಲೀಸರೇ ಐಸಿಎಸಿ ಕಚೇರಿಗೆ ನುಗ್ಗಿದರು, ಗವರ್ನರ್ ಹಳೆಯ ಪ್ರಕರಣಗಳಿಗೆ ಭಾಗಶಃ ಕ್ಷಮೆ ಕೊಡಬೇಕಾಯಿತು. ಇದನ್ನು ಮುಚ್ಚಿಡಬೇಡಿ.

ಪಿಯು_ಚರ್ಚಾಬಳಗ:
ಬಹಳ ಉಪಕಾರ. ಕಳೆದುಹೋದ ಪರ್ಸಿನ ಪ್ರಯೋಗ ಸೇರಿಸಬಹುದೇ? ರೈಲು ಅಪಘಾತಕ್ಕೆ ಶಾಸ್ತ್ರಿಯವರ ರಾಜೀನಾಮೆ?

ಲೆಕ್ಕಿಗ:
ಪರ್ಸಿನದು ಸೇರಿಸಿ, ಆದರೆ ದೇಶಗಳ ಪಟ್ಟಿ ಓದಬೇಡಿ. 40 ದೇಶಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ‘ಬಿದ್ದಿತ್ತು’ ಎಂದು ಕೌಂಟರಿನವರ ಕೈಗೆ ಕೊಟ್ಟು ಬಂದರು. ಫಲಿತಾಂಶ ಪ್ರಕಟವಾದದ್ದು 2019ರಲ್ಲಿ. ದುಡ್ಡಿಲ್ಲದ ಪರ್ಸಿಗೆ ಶೇ 40 ಮಂದಿ ಮಾಲೀಕನನ್ನು ಸಂಪರ್ಕಿಸಿದರು, ದುಡ್ಡಿದ್ದ ಪರ್ಸಿಗೆ ಶೇ 51. ದುಡ್ಡು ಕಂಡಾಗ ಪ್ರಾಮಾಣಿಕತೆ ಹೆಚ್ಚಿದ್ದೇ ಇಲ್ಲಿನ ಸೋಜಿಗ. ಇಮೇಲ್ ಮಾಡಿದವರನ್ನಷ್ಟೇ ಎಣಿಸಿದ್ದು ಇದರ ಕೊರತೆ. ಮುಂದೆ ಚೀನಾದಲ್ಲಿ ನೋಡಿದಾಗ ಇಮೇಲ್ ಮಾಡದೆಯೂ ಪರ್ಸನ್ನು ಜೋಪಾನವಾಗಿ ಎತ್ತಿಟ್ಟವರು ಬಹಳ ಇದ್ದರು. ಯಾವ ದೇಶ ಮೇಲು, ಯಾವುದು ಕೀಳು ಎಂಬ ಪಟ್ಟಿಗೆ ಅದು ಒದಗುವುದಿಲ್ಲ.

ಶಾಸ್ತ್ರಿಯವರದು ಒಂದೇ ವಾಕ್ಯದಲ್ಲಿ ಸಾಕು. 1956ರಲ್ಲಿ ಮೆಹಬೂಬ್‌ನಗರದ ಅಪಘಾತಕ್ಕೆ ಕೊಟ್ಟ ರಾಜೀನಾಮೆಯನ್ನು ನೆಹರೂ ಒಪ್ಪಲಿಲ್ಲ, ಅದೇ ನವೆಂಬರಿನ ಅರಿಯಲೂರು ಅಪಘಾತದ ನಂತರದ್ದು ಅಂಗೀಕಾರವಾಯಿತು. ಮಕ್ಕಳು ಇವೆರಡನ್ನೂ ಕಲಸಿಬಿಡುತ್ತಾರೆ, ನೋಡಿಕೊಳ್ಳಿ.