ಸ್ವೀಚ್ಕೋವಾ ಊಟಕ್ಕೆ ಯಾವ ಮೊರಾವಿಯಾ ವೈನ್?

ಪ್ರಶ್ನೆ: ಆರು ಜನರ ಊಟ. ಸ್ವೀಚ್ಕೋವಾ, ಅಂದರೆ ಕೆನೆ ಸಾಸಿನ ದನದ ಮಾಂಸ, ಜೊತೆಗೆ ಕ್ನೆಡ್ಲಿಕಿ (ಬೇಯಿಸಿದ ಹಿಟ್ಟಿನ ಕಡುಬು). ಮರುದಿನ ಹಂದಿ ರೋಸ್ಟ್, ಹುಳಿ ಕೋಸು. ಬಿಯರ್ ಬೇಡ, ಜೆಕ್ ದೇಶದ ಮೊರಾವಿಯಾ ಸೀಮೆಯ ವೈನೇ ಬೇಕು. ಗಟ್ಟಿ ಕೆಂಪು ವೈನ್ ತಂದರೆ ಸರಿಹೋದೀತೆ?

ಉತ್ತರ 1: ಬೇಡ. ಸ್ವೀಚ್ಕೋವಾದಲ್ಲಿ ಮಾಂಸಕ್ಕಿಂತ ಸಾಸೇ ಜೋರು: ಕ್ಯಾರೆಟ್, ಸೆಲರಿ ಗೆಡ್ಡೆಯ ಸಿಹಿ, ಕೆನೆ, ನಿಂಬೆ, ಮೇಲೊಂದು ಚಮಚ ಕ್ರ್ಯಾನ್‌ಬೆರಿ. ಆ ಸಿಹಿಯ ಮುಂದೆ ಒಗರು ಜಾಸ್ತಿಯಿರುವ ಓಕ್ ಪೀಪಾಯಿಯ ಕೆಂಪು ಕಹಿಯಾಗುತ್ತದೆ. ಓಕ್ ಇಲ್ಲದ, ಎಳೆಯ ಫ್ರಾಂಕೋವ್ಕಾ ಎಂಬ ಕೆಂಪು ವೈನ್ ತನ್ನಿ, 15 ಡಿಗ್ರಿಗೆ ತಣಿಸಿ. ಬಿಳಿಯೇ ಬೇಕಾದರೆ ರೈನ್ ರೀಸ್ಲಿಂಗ್, ಪೊಲೊಸುಖೆ (ಅರೆ ಡ್ರೈ, ಅಂದರೆ ತುಸುವೇ ಸಿಹಿ).

ಉತ್ತರ 2: ಲೇಬಲ್ ನೋಡಿಯೇ ಕೊಳ್ಳಿ. ಪೊಲೊಸುಖೆ ಎಂದರೆ ಸಾಮಾನ್ಯವಾಗಿ ಲೀಟರಿಗೆ 4ರಿಂದ 12 ಗ್ರಾಂ ಸಕ್ಕರೆ, ಪೊಲೊಸ್ಲಾಡ್ಕೆಯಲ್ಲಿ (ಅರೆ ಸಿಹಿ) 45ರವರೆಗೆ. ‘ಪೊಜ್ದ್ನೀ ಸ್ಬ್ಯೆರ್’ (ತಡವಾದ ಕೊಯ್ಲು) ಹೇಳುವುದು ಕೊಯ್ಲಿನ ಹೊತ್ತಿಗೆ ಹಣ್ಣಿನಲ್ಲಿದ್ದ ಸಕ್ಕರೆಯನ್ನು. ಬಾಟಲಿಯೊಳಗಿನ ವೈನ್ ಪೂರ್ತಿ ಡ್ರೈ, ಅಂದರೆ ಸಿಹಿಯಿಲ್ಲದ್ದೂ ಇರಬಹುದು. ಎಡವುವುದು ಇಲ್ಲೇ.

ಹುಳಿ ಕೋಸಿಗೆ ವೈನಿನಲ್ಲೂ ಹುಳಿ ಇರಬೇಕು, ಇಲ್ಲವಾದರೆ ನೀರು ಕುಡಿದಂತೆ. ಬಿಳಿ ವೈನ್‌ಗಳಾದ ವೆಲ್ಟ್ಲೀನ್ಸ್ಕೆ ಝೆಲೆನೆ ಅಥವಾ ರಿಜ್ಲಿಂಕ್ ವ್ಲಾಶ್ಸ್ಕಿ, 10 ಡಿಗ್ರಿ. ಕೋಸಿಗೆ ಸಕ್ಕರೆ ಹಾಕುವವರಾದರೆ ಪೊಲೊಸುಖೆಗೆ ಹೋಗಿ.

ಪ್ರಶ್ನೆ ಕೇಳಿದವರು: ಪಾಲವಾ ಎಂಬ ಬಿಳಿ ವೈನ್ ಆಗದೇ?

ಉತ್ತರ 2: ಗುಲಾಬಿ, ಲಿಚಿ ಘಮ ಜಾಸ್ತಿ, ಹುಳಿ ಕಮ್ಮಿ; ಟ್ರಮೀನ್ ಮತ್ತು ಮ್ಯೂಲರ್ ಥುರ್ಗೌ ದ್ರಾಕ್ಷಿಗಳ ಮಿಶ್ರತಳಿ ತಾನೆ. ಕೋಸಿನ ಜೊತೆ ಸೋಲುತ್ತದೆ. ಬಾತುಕೋಳಿಯ ಲಿವರ್ ಅರೆದು ಮಾಡುವ ಪಾಟೇಗೋ ನೀಲಿ ಚೀಸಿಗೋ ಇಟ್ಟುಕೊಳ್ಳಿ.

ಉತ್ತರ 1: 750 ಮಿಲಿಯಲ್ಲಿ 125ರ ಆರು ಗ್ಲಾಸ್. ಎರಡು ಸುತ್ತಿಗೆ ಎರಡು ಬಾಟಲಿ.