ಸಹಾಯ ಬೇಕು: ಫ್ಲಾರೆನ್ಸ್ ನಗರದಲ್ಲೇ ತಂಗುವುದೋ, ಹಳ್ಳಿಯ ಕಡೆಗೋ?

ಎಲ್ಲರಿಗೂ ನಮಸ್ಕಾರ. ಇಟಲಿಯ ಫ್ಲಾರೆನ್ಸ್ ಮತ್ತು ಸುತ್ತಲಿನ ಟಸ್ಕನಿಯ ಹಳ್ಳಿಗಾಡನ್ನು ನೋಡಲು ನಾವಿಬ್ಬರು ಆರು ರಾತ್ರಿಗಳ ಪ್ರವಾಸ ಹೊರಟಿದ್ದೇವೆ, ಆದರೆ ಎಲ್ಲಿ ತಂಗಬೇಕೆಂಬುದೇ ಬಗೆಹರಿಯುತ್ತಿಲ್ಲ. ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಬಳಿ ಉಳಿದರೆ ಉಫಿಜಿ ಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು, ಸಿಯೆನಾಕ್ಕೆ ಬಸ್ಸೂ ಸಿಗುತ್ತದೆ. ಆದರೆ ರೈಲು ನಿಲ್ದಾಣವೇ ಇಲ್ಲದ ಸಾನ್ ಜಿಮಿನ್ಯಾನೊಗೆ ಪೊಜ್ಜಿಬೋನ್ಸಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಹಳ್ಳಿಗಾಡಿನ ಕಿಯಾಂಟಿ ಪ್ರದೇಶದ ದ್ರಾಕ್ಷಿತೋಟದ ಮನೆಯಲ್ಲಿ ಉಳಿಯೋಣವೆಂದರೆ ಕಾರು ಬೇಕು, ಅದನ್ನು ಅನುಮತಿಯಿಲ್ಲದೆ ಫ್ಲಾರೆನ್ಸಿನ ಹಳೆಯ ಭಾಗದ ನಿರ್ಬಂಧಿತ ವಲಯಕ್ಕೆ ನುಗ್ಗಿಸಿದರೆ ಕ್ಯಾಮೆರಾಕ್ಕೆ ಸಿಕ್ಕಿ ದಂಡ ತೆರಬೇಕು. ನಕ್ಷೆ ಹರಡಿಕೊಂಡು ಎರಡು ಬಾರಿ ದಿನಚರಿ ಬರೆದು ಹೊಡೆದುಹಾಕಿದ್ದೇವೆ (ಪೆಟ್ಟಿಗೆ ಎಳೆದಾಡುವುದು ನನಗಂತೂ ಆಗದ ಮಾತು). ಮೂರು ರಾತ್ರಿ ನಗರದಲ್ಲಿ ಕಾರಿಲ್ಲದೆ ಕಳೆದು, ಉಳಿದ ಮೂರಕ್ಕೆ ಕಾರು ಬಾಡಿಗೆಗೆ ಪಡೆದು ಹಳ್ಳಿಗೆ ಹೋಗುವುದು ಸರಿಯೋ, ಅಥವಾ ಆರೂ ರಾತ್ರಿ ನಗರದಲ್ಲೇ ಇರುವುದೋ? ಅಲ್ಲಿಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ.